ಹಲ್ಲು ಬಿದ್ದ ಸುದ್ದಿ

ಬಸ್ಸಿಳಿದು ಬಂದರು ಇಬ್ಬರೂ,
ಮೂರು ವಾರದ ಬಿಸಿಲು ಮೈಗೆ ಮೆತ್ತಿಕೊಂಡು.
ಚೀಲದ ತಳದಲ್ಲಿ ಉಪ್ಪಿನಕಾಯಿ ಜಾಡಿ ಒಡೆದು
ರಜೆಯ ಹೋಂವರ್ಕ್ ಪುಸ್ತಕ ಪೂರ್ತಿ ಎಣ್ಣೆ ಕುಡಿದಿತ್ತು.
ತೆರೆದು ನೋಡಿದೆ. ಎಣ್ಣೆ ಬಿಟ್ಟರೆ
ಬೇರೆ ಯಾರೂ ಅದರಲ್ಲಿ ಏನೂ ಬರೆದಿರಲಿಲ್ಲ.

"ಅಜ್ಜಿ ಕಟ್ಟಿದ್ದು, ನಮ್ದೇನಿಲ್ಲ ಕಣವ್ವಾ"
ಅಂದ ಯತೀಶ, ಬಾಯಿ ಅಗಲಿಸಿ.
ಆಗ ಕಂಡೆ.
ಮುಂದಿನ ಹಲ್ಲಿರಬೇಕಾದ ಕಡೆ
ಒಂದು ಪುಟ್ಟ ಕತ್ತಲೆ.

ಯಾವಾಗ ಬಿತ್ತೋ?
"ಆಗ್ಲೇ ಬಿತ್ತು. ಅಜ್ಜಿ ಸಗಣೀಲಿಟ್ಟು ಸೂರ್ಮೇಲೆ ಎಸೀತು."
ಆಗ್ಲೇ ಅಂದರೆ? ಸೋಮವಾರವೋ, ಸಂತೆ ದಿನವೋ?
ಅವನಿಗೆ ನೆನಪಿಲ್ಲ. ಅಷ್ಟರಲ್ಲಿ ಓಡಿಬಿಟ್ಟಿದ್ದ,
ಪಕ್ಕದ ಜಬೀನಾಗೆ ತೋರಿಸಲು.

ಆ ಹಲ್ಲು ಅಲ್ಲಾಡಲು ಶುರುವಾದದ್ದು ಇಲ್ಲಿ, ಈ ಅಡುಗೆಮನೆಯಲ್ಲಿ,
ಹೊಸತೊಡಕಿನ ದಿನ, ಮೂಳೆ ಕಡಿಯುವಾಗ.
ದಿನಾ ಬೆಳಿಗ್ಗೆ ನನ್ನ ಬೆರಳು ಎಳೆದು ಒತ್ತಿಸಿಕೊಂಡು
"ಇವತ್ತು ಬೀಳ್ತದಾ?" ಅನ್ನುತ್ತಿದ್ದ.
ಅಷ್ಟು ದಿನ ಕಾದವಳು ನಾನು.

ನಾನು ಯಾಕೆ ಹೋಗಲಿಲ್ಲ ಅಂದರೆ
ಮೇ ತಿಂಗಳು ನಮ್ಮ ಜೆರಾಕ್ಸ್ ಅಂಗಡಿಗೆ ಸುಗ್ಗಿ.
ಮಂಡ್ಯದ ತಾಲ್ಲೂಕು ಕಚೇರಿ ಎದುರು
ಜಾತಿ, ಆದಾಯ, ಟಿಸಿ, ಮಾರ್ಕ್ಸ್ ಕಾರ್ಡು.
ಊರವರ ಮಕ್ಕಳ ಮುಖಗಳನ್ನೆಲ್ಲ
ಹಸಿರು ಬೆಳಕಿನ ಮೇಲೆ ಬೋರಲು ಮಲಗಿಸಿ ಎಬ್ಬಿಸುತ್ತಿದ್ದೆ.
ನನ್ನ ಮಕ್ಕಳದು ಫೋನಿನಲ್ಲಿ,
ಅದೂ ಅಕ್ಕಿಹೆಬ್ಬಾಳಿನಲ್ಲಿ ಸಿಗ್ನಲ್ ಇದ್ದರೆ.

ನಿಜ ಹೇಳುತ್ತೇನೆ,
ಮೊದಲ ವಾರ ಸುಖವಾಗಿತ್ತು.
ಒಂದು ಪಾವು ಅಕ್ಕಿ, ಎರಡು ತಟ್ಟೆ.
ಗೆಜ್ಜಲಗೆರೆ ಡೇರಿಯ ರಾತ್ರಿ ಪಾಳಿ ಮುಗಿಸಿ ಇವರು ಬಂದರೆ
ಇಟ್ಟದ್ದು ಇಟ್ಟಲ್ಲೇ ಇರುತ್ತಿತ್ತು.
ಒಂದು ಭಾನುವಾರ ಸ್ಕೂಟರಿನಲ್ಲಿ ವಿ.ಸಿ. ನಾಲೆಯ ಏರಿಗೆ ಹೋಗಿ
ಕಡಲೆಕಾಯಿ ತಿಂದೆವು, ಸಿಪ್ಪೆ ನೀರಿಗೆ ಬಿಟ್ಟೆವು.
ಎರಡನೇ ಭಾನುವಾರ ಏನು ಮಾತಾಡುವುದೋ ತಿಳಿಯದೆ
ಇವರು ಮಗಳ ಸೈಕಲ್ಲು ತೊಳೆದರು.
ನಾನು ಮಗನ ಹಳೇ ಯೂನಿಫಾರಂ ಇಸ್ತ್ರಿ ಮಾಡಿದೆ,
ಈ ವರ್ಷ ಅದು ಹಿಡಿಸುವುದಿಲ್ಲ ಅಂತ ಗೊತ್ತಿದ್ದೂ.

ಈಗ ಸೋಮವಾರಕ್ಕೆ ಸ್ಕೂಲು.
ಧಾತ್ರಿಗೆ ತಲೆ ತುಂಬ ಹೇನು, ಬಾಯಿ ತುಂಬ ಮೌನ.
ಮಾವನ ಮಗಳ ಜೊತೆ ಏನೋ ಗುಟ್ಟಾಗಿದೆ, ನನಗಿಲ್ಲ.
ಬಾಚಣಿಗೆ ಎಳೆದರೆ ಮಾತ್ರ
"ಅಜ್ಜಿ ಹಿಂಗೆ ಎಳೀತಿರ್ಲಿಲ್ಲ."
ಸಾರಿಗೆ ಉಪ್ಪು ಕಮ್ಮಿ, ಮುದ್ದೆ ಗಟ್ಟಿ, ಫ್ಯಾನಿನ ಗಾಳಿ ಬಿಸಿ.
ಎಲ್ಲವನ್ನೂ ತೂಗುವುದು ಅಕ್ಕಿಹೆಬ್ಬಾಳಿನ ತಕ್ಕಡಿಯಲ್ಲಿ.
ಬೂಟು ಕಾಲಿಗೆ ಹತ್ತಲಿಲ್ಲ.
ಬೈಂಡು ಹಾಕುವ ಖಾಕಿ ಕಾಗದ ನಾಲ್ಕು ಪುಸ್ತಕಕ್ಕೇ ಮುಗಿಯಿತು.
ಫೀಸಿನ ಕಂತಿಗಾಗಿ ಇವರೂ ನಾನೂ
ಪಿಸುಮಾತಿನಲ್ಲೇ ಜಗಳಕ್ಕೆ ನಿಂತೆವು,
ಪಿಸುಮಾತು ಬೀದಿಗೆ ಕೇಳಿಸಿತು.
ಬಾಗಿಲ ಹಿಂದಿನಿಂದ ಯತೀಶ ಒಂದು ಬೈಗುಳ ಒಗೆದ,
ಊರಿನಿಂದ ತಂದದ್ದು, ಇನ್ನೂ ತಾಜಾ.
ಇವರು ನಗು ತಡೆಯಲು ಲುಂಗಿ ಸರಿಮಾಡಿಕೊಂಡರು.
ನನಗೂ ನಗು ಬಂತು. ಆದರೂ ಎರಡು ಬಿಗಿದೆ.

ರಾತ್ರಿ ಕರೆಂಟು ಹೋದಾಗ
ಅವನೇ ಚಾಪೆ ದಾಟಿ ಬಂದು, ಬೆರಳು ಹುಡುಕಿ ಹಿಡಿದು
ಬಾಯೊಳಗಿಟ್ಟುಕೊಂಡ.
"ಪಕ್ಕದ್ದೂ ಅಲ್ಲಾಡ್ತಾ ಅದೆ, ನೋಡವ್ವ."
ಒತ್ತಿ ನೋಡಿದೆ. ಕಲ್ಲು ಕಂಬದ ಹಾಗಿತ್ತು.
ಹೂಂ, ಅಲ್ಲಾಡ್ತದೆ, ಅಂದೆ.
"ಇದು ಇಲ್ಲೇ ಬೀಳ್ತದಾ?"
ಇಲ್ಲೇ.
"ಎಲ್ಲಿಗೆಸೆಯಾದು? ನಮ್ದು ಮೋಲ್ಡು."
ಜಬೀನಾದು ಹೆಂಚಿನ ಮನೆ ಅಲ್ವೇನೋ, ಕೇಳಿ ಅಲ್ಲಿಗೇ ಎಸೆಯೋಣ.

ಗೋಡೆ ಕಡೆ ತಿರುಗಿ ಮಲಗಿದ್ದ ಧಾತ್ರಿ
ತಿರುಗದೆಯೇ ಅಂದಳು:
"ಹೆಂಚು ತೆಗ್ಸಿ ಶೀಟ್ ಹಾಕ್ಸವ್ರೆ. ನೋಡ್ಲಿಲ್ವಾ?"

ಮೂರು ವಾರ ಇಲ್ಲೇ ಇದ್ದವಳು.
ನೋಡಿರಲಿಲ್ಲ.